ನಾದವನ್ನು ಕೂಡಿ ಕಟ್ಟಿದ ಕಾರಂತರು

ಜನಪದ ಸಂಗೀತವೆಂದರೆ ಹಿರಿಯರಿಂದ ಬಂದುದನ್ನು ಬಂದಂತೆಯೇ ಒಪ್ಪಿಸುವುದು, ಪ್ರಯೋಗವೆಂದರೆ ಅದನ್ನು ಬಿಟ್ಟು ಬೇರೊಂದನ್ನು ತರುವುದು ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಕನ್ನಡ ನಾಡಿನ ಕಲಾಚರಿತ್ರೆಯನ್ನು ತುಸು ಅವಲೋಕಿಸಿದರೆ ಈ ಭೇದ ನಿಲ್ಲುವುದಿಲ್ಲ. ಇದಕ್ಕೆ ನಾಟಕಕಾರ್ಯದಲ್ಲಿ ಆಯುಷ್ಯವನ್ನೇ ಸವೆಸಿದ ಬಿ. ವಿ. ಕಾರಂತರಿಗಿಂತ ಮಿಗಿಲಾದ ನಿದರ್ಶನ ಬೇಕಿಲ್ಲ.

ಕಾರಂತರು 1929ರಲ್ಲಿ ದಕ್ಷಿಣ ಕನ್ನಡದ ಬಂಟ್ವಾಳದ ಬಳಿಯ ಮಂಚಿ ಗ್ರಾಮದಲ್ಲಿ ಜನಿಸಿದರು. ಅದು ಯಕ್ಷಗಾನದ ಸೀಮೆ. ಅಲ್ಲಿ ಪ್ರಸಂಗದ ಪದ್ಯ ಮಾತ್ರ ಬರಹದಲ್ಲಿರುತ್ತದೆ. ಮಾತನ್ನು ವೇಷಧಾರಿಯು ರಂಗದಲ್ಲಿ ನಿಂತಾಗಲೇ ಹೊಸೆಯಬೇಕು. ಭಾಗವತರು ವೇಷಧಾರಿಯ ಕುಣಿತವನ್ನು ನೋಡಿ ಪದವನ್ನು ಹಿಗ್ಗಿಸುವರು, ಕುಗ್ಗಿಸುವರು. ಚೆಂಡೆ ಮದ್ದಳೆಗಳು ಇಬ್ಬರನ್ನೂ ಗಮನಿಸಿ ನುಡಿಯುವುವು. ಆಶುತನವೂ ಸಹಕಾರವೂ ಅಲ್ಲಿ ಕಲೆಯ ತಳಹದಿಯೇ ಆಗಿವೆ. ಇನ್ನೂ ಹುಡುಗರಾಗಿದ್ದಾಗಲೇ ಕಾರಂತರು ಗುಬ್ಬಿ ವೀರಣ್ಣನವರ ಕಂಪನಿಯನ್ನು ಸೇರಿ ರಂಗಗೀತೆಯ ಸಂಸ್ಕಾರ ಪಡೆದರು. ವೀರಣ್ಣನವರ ನೆರವಿನಿಂದ ಕಾಶಿಗೆ ತೆರಳಿ ಹಿಂದಿಯನ್ನು ಓದಿದರು. ಪಂಡಿತ ಓಂಕಾರನಾಥ ಠಾಕೂರರಲ್ಲಿ ಹಿಂದುಸ್ತಾನಿ ಸಂಗೀತವನ್ನು ಅಭ್ಯಸಿಸಿದರು. ಬಳಿಕ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಶಿಕ್ಷಣ ಪಡೆದು 1962ರಲ್ಲಿ ಹೊರಬಂದರು. ಬಯಲಾಟ, ಕಂಪನಿ ನಾಟಕ, ಶಾಸ್ತ್ರೀಯ ಗಾಯನ ಈ ಮೂರೂ ಒಬ್ಬರಲ್ಲಿಯೇ ಕೂಡಿಬಂದವು.

ಅವರ ಸಂಗೀತರಚನೆಯ ಕ್ರಮವೇ ಬೇರೆ. ಮನೆಯಲ್ಲಿ ಕುಳಿತು ಮಟ್ಟು ಹಾಕಿ ತಂದು ನಟರಿಗೆ ಬಾಯಿಪಾಠ ಮಾಡಿಸುವ ರೂಢಿಯನ್ನು ಅವರು ಒಪ್ಪಲಿಲ್ಲ. ತಾಲೀಮು ನಡೆಯುತ್ತಿರುವಾಗಲೇ ಹಾರ್ಮೋನಿಯಮ್ ಹಿಡಿದು ಕುಳಿತು, ನಟರ ಕಂಠ, ನಡಿಗೆ, ಉಸಿರುಗಳನ್ನು ಕೇಳುತ್ತ ಹಾಡನ್ನು ಕಟ್ಟುವರು. ಹಾಡುವವರು ನಟರೇ. ಕಲ್ಲು, ಕೋಲು, ಬರಿಯ ಕೂಗು, ಕೊನೆಗೆ ಮೌನ ಕೂಡ ಅವರಿಗೆ ಸಂಗೀತದ ಸಾಮಗ್ರಿಯಾಗಿತ್ತು. 1970ರ ದಶಕದ ಮೊದಲಲ್ಲಿ ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯನ್ನು ಆಡಿಸಿದಾಗ ಉತ್ತರ ಕರ್ನಾಟಕದ ಬಯಲಾಟದ ಧಾಟಿ ಬೆಂಗಳೂರಿನ ಪ್ರೇಕ್ಷಕರಿಗೆ ಹೊಸತಾಗಿ ಕೇಳಿಸಿತು. ಶ್ರೀರಂಗರ ‘ಸತ್ತವರ ನೆರಳು’ ನಾಟಕಕ್ಕೆ ದಾಸರ ಪದಗಳನ್ನು ಮೇಳದ ಹಾಡಾಗಿಸಿದರು. ದೆಹಲಿಯಲ್ಲಿ 1979ರಲ್ಲಿ ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಯಕ್ಷಗಾನದ ಗತ್ತಿನಲ್ಲಿ ‘ಬರ್ನಮ್ ವನ’ವೆಂಬ ಹೆಸರಿನಿಂದ ಹಿಂದಿಯಲ್ಲಿ ರಂಗವೇರಿತು.

ಚಲನಚಿತ್ರದಲ್ಲಿಯೂ ಇದೇ ದೃಷ್ಟಿ. ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿ 1933ರಲ್ಲಿ ಪ್ರಕಟವಾಯಿತು, ಅದನ್ನು ಬಿ. ವಿ. ಕಾರಂತರು 1975ರಲ್ಲಿ ಚಿತ್ರವಾಗಿಸಿ ಸ್ವರ್ಣಕಮಲ ಪಡೆದರು. ಒಂದು ತುಂಡು ನೆಲವನ್ನು ಉಳಬೇಕೆಂಬ ಚೋಮನ ಆಸೆ ಈಡೇರುವುದಿಲ್ಲ. ಬಾಯಲ್ಲಿ ಆಡಲಾಗದ ಸಿಟ್ಟನ್ನೂ ಸಂಕಟವನ್ನೂ ಅವನು ದುಡಿಯಲ್ಲಿ ಬಾರಿಸುತ್ತಾನೆ. ಅಲ್ಲಿ ಆ ಪುಟ್ಟ ಚರ್ಮವಾದ್ಯ ಹಿನ್ನೆಲೆಯ ಅಲಂಕಾರವಲ್ಲ, ಕಥೆಯ ನಾಲಗೆ. ‘ಋಷ್ಯಶೃಂಗ’ (1976) ಮತ್ತು ‘ಘಟಶ್ರಾದ್ಧ’ (1977) ಚಿತ್ರಗಳ ಸಂಗೀತಕ್ಕೆ ಕಾರಂತರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ಬಂಗಾಳದ ಮೃಣಾಲ ಸೇನರು ‘ಏಕ್ ದಿನ್ ಪ್ರತಿದಿನ್’, ‘ಖಾರಿಜ್’ ಚಿತ್ರಗಳಿಗೆ ಇವರನ್ನೇ ಕರೆಸಿಕೊಂಡರು.

ಇಲ್ಲಿ ಒಂದು ಆಕ್ಷೇಪವನ್ನು ಮರೆಮಾಚಬಾರದು. ಹಳ್ಳಿಯ ದನಿಯನ್ನು ಪಟ್ಟಣದ ರಂಗಕ್ಕೆ ತಂದಾಗ ಕೀರ್ತಿ ತಂದವನಿಗೆ ಸಲ್ಲುತ್ತದೆ. ತಲೆತಲಾಂತರದಿಂದ ಅದನ್ನು ಕಾಪಾಡಿದವರ ಹೆಸರು ಯಾರಿಗೂ ತಿಳಿಯುವುದಿಲ್ಲ. ಈ ಮಾತಿನಲ್ಲಿ ಹುರುಳಿದೆ. ದುಡಿಯನ್ನು ಬಾರಿಸಿದ ಜನಕ್ಕೆ ನೆಲವೂ ಇರಲಿಲ್ಲ, ಮನ್ನಣೆಯೂ ಇರಲಿಲ್ಲ. ಕಾರಂತರ ಕಾರ್ಯದಿಂದಲೇ ಆ ಅನ್ಯಾಯ ತೀರಿತೆನ್ನಲಾಗದು. ಆದರೆ ಅವರು ಜನಪದದ ಮಟ್ಟುಗಳನ್ನು ಬರಿಯ ಮೆರುಗಿಗೆಂದು ಎತ್ತಿಕೊಳ್ಳದೆ, ಕೂಡಿ ಕಟ್ಟುವ ಅದರ ಕ್ರಮವನ್ನೇ ಕೈಗೊಂಡರೆಂಬುದನ್ನು ನೆನೆಯಬೇಕು.

1982ರಲ್ಲಿ ಭೋಪಾಲದ ಭಾರತ ಭವನದ ರಂಗಮಂಡಲದ ಹೊಣೆ ಹೊತ್ತಾಗ ಇದು ಚೆನ್ನಾಗಿ ಕಂಡುಬಂದಿತು. ಕನ್ನಡದ ಮಟ್ಟುಗಳನ್ನು ಅಲ್ಲಿ ಹೇರದೆ, ಬುಂದೇಲಖಂಡಿ, ಮಾಳವಿಯಂತಹ ಸ್ಥಳೀಯ ನುಡಿಗಳಲ್ಲಿ ನಾಟಕಗಳನ್ನು ಆಡಿಸಿದರು. ಬಳಿಕ 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಸ್ಥಾಪಿತವಾದಾಗ ಅದರ ಮೊದಲ ನಿರ್ದೇಶಕರಾದರು. 2002ರಲ್ಲಿ ಅವರು ತೀರಿಕೊಂಡರು.

ನಾಚಾರಂನಲ್ಲಿ ನೆಲಸಿರುವ ನಮಗೆ ಈ ಚರಿತ್ರೆ ದೂರದ ಮಾತಲ್ಲ. 1956ರ ನವೆಂಬರ್ 1ರಂದು ಕಲಬುರಗಿ, ರಾಯಚೂರು, ಬೀದರ ಸೀಮೆಗಳು ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದವು. ಈ ನಗರದ ಕನ್ನಡಿಗರು ಇಲ್ಲಿಯೇ ಉಳಿದರು. ಅನಂತರ ಕೈಗಾರಿಕೆಗಳನ್ನು ನಂಬಿ ಬಂದವರೂ ಇದ್ದಾರೆ. ನಮ್ಮ ಮಕ್ಕಳು ಬೀದಿಯಲ್ಲಿ ತೆಲುಗು, ಉರ್ದು ಕೇಳುತ್ತ ಬೆಳೆಯುತ್ತಾರೆ. ಕನ್ನಡದ ಹಾಡನ್ನು ಧ್ವನಿಮುದ್ರಿಕೆಯಿಂದ ಕಲಿತು ರಾಜ್ಯೋತ್ಸವದ ವೇದಿಕೆಯಲ್ಲಿ ಒಪ್ಪಿಸಿ ಇಳಿಯುತ್ತಾರೆ. ಹೀಗೆ ಕಲಿತ ಹಾಡು ಮರುವರುಷಕ್ಕೆ ಮರೆತುಹೋದರೆ ಆಶ್ಚರ್ಯವಿಲ್ಲ. ಅಜ್ಜಿಯರ ಬೀಸುಕಲ್ಲಿನ ಪದ, ಬೀದರ-ಕಲಬುರಗಿಯ ತತ್ತ್ವಪದ, ನೆರೆಯವರ ಒಗ್ಗುಕಥೆಯ ಡೋಲಿನ ಪೆಟ್ಟು ಇವೆಲ್ಲವನ್ನೂ ಮಕ್ಕಳ ಮುಂದಿಟ್ಟು, ಅವರೇ ಕೂಡಿ ಒಂದು ಹಾಡನ್ನು ಕಟ್ಟುವಂತೆ ಏಕೆ ಮಾಡಬಾರದು? ತಾಳ ತಪ್ಪೀತು, ಉಚ್ಚಾರ ಸರಿಯಿರಲಾರದು. ಆದರೂ ತಾವೇ ಕಟ್ಟಿದುದು ಅವರಿಗೆ ತಮ್ಮದಾಗುತ್ತದೆ. ಮುಂಬರುವ ಉತ್ಸವಕ್ಕೆ ನಮ್ಮ ಸಂಘವು ಇಂತಹ ಒಂದು ಮಕ್ಕಳ ಮೇಳಕ್ಕೆ ಅನುವು ಮಾಡಿಕೊಡಲೆಂದು ಹಾರೈಸೋಣ.