ಐಗಳ ಮಠದಿಂದ ಮುಲ್ಕಿ ಮಾಸ್ತರರವರೆಗೆ

ಹಿಂದಿನ ಕಾಲದ ಗುರುಗಳ ತೇಜಸ್ಸೇ ಬೇರೆ, ಇಂದಿನ ಮೇಷ್ಟರಲ್ಲಿ ಅದನ್ನು ಕಾಣುವುದೆಲ್ಲಿ ಎಂದು ಜಗುಲಿಯ ಮೇಲೆ ಕುಳಿತು ನಿಟ್ಟುಸಿರಿಡುವ ಹಿರಿಯರು ನಮ್ಮ ಊರೂರಿನಲ್ಲಿಯೂ ಇದ್ದಾರೆ. ಅವರ ಬಾಲ್ಯಸ್ಮರಣೆಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿ, ಹತ್ತೊಂಬತ್ತನೆಯ ಶತಮಾನದ ಆದಿಭಾಗದ ಕನ್ನಡನಾಡಿನ ಕೂಲಿಮಠಗಳೊಳಗೆ, ಅಂದರೆ ಐಗಳೆಂದು ಕರೆಯುತ್ತಿದ್ದ ಗುರುಗಳು ನಡೆಸುತ್ತಿದ್ದ ಊರ ಪಾಠಶಾಲೆಗಳೊಳಗೆ, ಒಮ್ಮೆ ಇಣಿಕಿ ನೋಡಿದರೆ, ಅಲ್ಲಿ ಕಾಣುವ ಗುರುಮೂರ್ತಿಯು ಅಷ್ಟೇನೂ ಸೌಮ್ಯವಾದುದಲ್ಲವೆಂಬುದು ವಿದಿತವಾಗುತ್ತದೆ.

ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ ೧೮೨೨ರಲ್ಲಿ ತನ್ನ ಅಧಿಪತ್ಯದ ಜಿಲ್ಲೆಗಳ ದೇಶೀಯ ವಿದ್ಯಾಭ್ಯಾಸದ ಸ್ಥಿತಿಗತಿಗಳನ್ನು ವಿಚಾರಿಸಿ ತಿಳಿಸಬೇಕೆಂದು ಕಲೆಕ್ಟರುಗಳಿಗೆ ಆಜ್ಞಾಪಿಸಿದನು. ಮರುವರ್ಷ ಬಳ್ಳಾರಿಯಿಂದ ಉತ್ತರ ಬರೆದ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ತೆಲುಗಿಗೆ ವ್ಯಾಕರಣವನ್ನು ರಚಿಸಿದ ವಿದ್ವಾಂಸನಾದುದರಿಂದ, ಅವನ ವರದಿಯು ಕೇವಲ ಕಚೇರಿಯ ಕಾಗದವಾಗಿ ಉಳಿಯಲಿಲ್ಲ. ಜನಸಂಖ್ಯೆ ಒಂಬತ್ತು ಲಕ್ಷವನ್ನು ಮೀರಿದ್ದ ಆ ಜಿಲ್ಲೆಯಲ್ಲಿ ಅವನು ಲೆಕ್ಕ ಹಾಕಿದ ಪಾಠಶಾಲೆಗಳು ೫೩೩, ಅವುಗಳಲ್ಲಿ ಕನ್ನಡದವು ೨೩೫. ಎಲ್ಲ ಭಾಷೆಗಳ ವಿದ್ಯಾರ್ಥಿಗಳೂ ಸೇರಿ ೬,೬೪೧. ಈ ಅಂಕಿಗಳಿಗಿಂತಲೂ ಮನಸ್ಸಿನಲ್ಲಿ ನಿಲ್ಲುವುದು ಅವನು ಕೊಟ್ಟಿರುವ ದಿನಚರಿಯ ಚಿತ್ರ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರು. ಎರಡನೆಯವನಿಗೆ ಸ್ತುತಿಯೂ ಇಲ್ಲದ, ನಿಂದೆಯೂ ಇಲ್ಲದ ಒಂದು ಸೊನ್ನೆ. ಮೂರನೆಯವನಿಗೆ ಮೃದುವಾದ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆಯೇ ಮುಂದಕ್ಕೆ. ಮೂವತ್ತನೆಯವನಾಗಿ ಬಂದ ಬಡಪಾಯಿಯ ಗಣಿತವನ್ನು ಓದುಗರೇ ಮಾಡಿಕೊಳ್ಳಬಹುದು. ಸೋಮಾರಿಗಳನ್ನು ಕೈಕಟ್ಟಿ ಮಾಡಿನ ತೊಲೆಗೆ ತೂಗುಹಾಕುವ ಕ್ರಮವೂ ಆ ವರದಿಯಲ್ಲಿದೆ; ನಮ್ಮ ಅಜ್ಜಂದಿರು ‘ಕೋದಂಡ’ವೆಂದು ಹೇಳುತ್ತಿದ್ದುದು ಈ ಶಿಕ್ಷೆಯನ್ನೇ.

ಆದರೂ ಕ್ಯಾಂಬೆಲ್ ನಿಂದಕನಲ್ಲ. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುವ ಮಿತವ್ಯಯವನ್ನೂ, ಹಿರಿಯ ಹುಡುಗರಿಂದ ಕಿರಿಯರಿಗೆ ಪಾಠ ಹೇಳಿಸುವ ಪದ್ಧತಿಯನ್ನೂ ಅವನು ಮೆಚ್ಚಿಕೊಂಡಿದ್ದಾನೆ. ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯೋಗ್ಯವೇ ಆಯಿತೆಂದೂ ಒಪ್ಪಿಕೊಂಡಿದ್ದಾನೆ. ಅವನ ಆಕ್ಷೇಪಣೆಯು ಬೇರೊಂದೆಡೆಗೆ ತಿರುಗುತ್ತದೆ. ಮಕ್ಕಳು ಕಂಠಪಾಠ ಮಾಡುತ್ತಿದ್ದ ಗ್ರಂಥಗಳು ಆಡುನುಡಿಗೆ ದೂರವಾದ ಹಳೆಯ ಪದ್ಯಭಾಷೆಯಲ್ಲಿದ್ದು, ಅವುಗಳ ಅರ್ಥವನ್ನು ಬಿಡಿಸಿ ಹೇಳಬಲ್ಲ ಉಪಾಧ್ಯಾಯರೇ ವಿರಳವಾಗಿದ್ದರು. ನನ್ನ ಮಟ್ಟಿಗೆ ಕೋದಂಡಕ್ಕಿಂತಲೂ ಗಂಭೀರವಾದ ದೋಷವಿದು. ಏಟನ್ನು ಹುಡುಗನು ನಾಲ್ಕು ದಿನಗಳಲ್ಲಿ ಮರೆಯುತ್ತಾನೆ. ತಾನು ಬಾಯಿಪಾಠ ಮಾಡುವ ಪದ್ಯವು ಗುರುಗಳಿಗೂ ಬಾಯಿಪಾಠವೇ ಎಂಬುದನ್ನು ಒಮ್ಮೆ ಅರಿತನೆಂದರೆ, ಅರ್ಥಕ್ಕೂ ವಿದ್ಯೆಗೂ ಸಂಬಂಧವಿಲ್ಲವೆಂಬ ಭಾವನೆಯು ಅವನಲ್ಲಿ ಆಜನ್ಮ ಉಳಿಯುತ್ತದೆ. ಹಾಗೆಂದು ಐಗಳನ್ನು ಹಳಿದು ಫಲವೇನು? ಊರವರು ಕೊಟ್ಟ ಕಾಳುಕಡಿ, ಮಹಾನವಮಿಯಲ್ಲಿ ಹುಡುಗರನ್ನು ಸಿಂಗರಿಸಿಕೊಂಡು ಮನೆಮನೆಯ ಮುಂದೆ ಚೌಪದವೆಂಬ ಪದ್ಯಗಳನ್ನು ಹೇಳಿಸಿ ಪಡೆದ ದಕ್ಷಿಣೆ, ಇಷ್ಟರಲ್ಲಿ ಸಂಸಾರವನ್ನು ಸಾಗಿಸಬೇಕಾದವನಿಗೆ ಅರ್ಥಜಿಜ್ಞಾಸೆಗೆ ಬಿಡುವೆಲ್ಲಿಯದು?

ಮುಂದೆ ಈ ಮಠಗಳ ಪಕ್ಕದಲ್ಲಿ ಸರಕಾರದ ಶಾಲೆಗಳೂ ಬಂದವು. ಮೈಸೂರು ಸೀಮೆಯಲ್ಲಿ ವಿದ್ಯಾ ಇಲಾಖೆಯ ಬಿ. ಎಲ್. ರೈಸರ ಯೋಜನೆಯಂತೆ ೧೮೬೮ರಿಂದ ಹೋಬಳಿ ಶಾಲೆಗಳು ಹುಟ್ಟಿಕೊಂಡವು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಸರಕಾರಿ ಶಾಲೆಗಳಿಗೆ ಮರಾಠಿಯೇ ಒಡೆಯನಾಗಿದ್ದ ಕಾಲದಲ್ಲಿ ಧಾರವಾಡದ ನಾರ್ಮಲ್ ಸ್ಕೂಲಿನ ಮುಖ್ಯಸ್ಥರಾಗಿಯೂ, ಅನಂತರ ಡೆಪ್ಯುಟಿ ಎಜ್ಯುಕೇಶನಲ್ ಇನ್‌ಸ್ಪೆಕ್ಟರರಾಗಿಯೂ ದುಡಿದ ಚನ್ನಬಸಪ್ಪನವರು ಕನ್ನಡವನ್ನು ಪಾಠದ ಭಾಷೆಯನ್ನಾಗಿ ನೆಲೆಗೊಳಿಸಿದರು; ‘ಡೆಪ್ಯುಟಿ’ ಎಂಬುದು ಅವರ ಹೆಸರಿಗೇ ಅಂಟಿಕೊಂಡಿತು. ಷೇಕ್ಸ್‌ಪಿಯರನನ್ನು ಕನ್ನಡಕ್ಕೆ ತಂದ ಮೊದಲಿಗರಲ್ಲಿ ಅವರೊಬ್ಬರು. ಅಂದರೆ ಶಾಲೆಯ ಮಾಸ್ತರರನ್ನು ತಯಾರಿಸುವ ಮನುಷ್ಯನೇ ರಾತ್ರಿ ದೀಪದ ಮುಂದೆ ಕುಳಿತು ತನಗೊಪ್ಪಿದ ಗ್ರಂಥದೊಡನೆ ಹೆಣಗುವ ವಿದ್ಯಾರ್ಥಿಯಾಗಿದ್ದನು. ಈ ಗುಣವೇ ಮುಂದಿನ ಐವತ್ತು ಅರವತ್ತು ವರ್ಷಗಳ ಕನ್ನಡ ಉಪಾಧ್ಯಾಯ ವರ್ಗದ ಉತ್ತಮಾಂಶವಾಯಿತೆಂದು ನನ್ನ ಅಭಿಪ್ರಾಯ. ಏಕೆಂದರೆ ಶಿಷ್ಯರ ಹನ್ನೊಂದು ಹನ್ನೆರಡರ ವಯಸ್ಸು, ಅಂದರೆ ಮೈಸೂರಿನವರು ಮಿಡ್ಲ್ ಸ್ಕೂಲೆಂದೂ ಧಾರವಾಡದವರು ಮುಲ್ಕಿಯ ತರಗತಿಗಳೆಂದೂ ಕರೆಯುತ್ತಿದ್ದ ಆ ಘಟ್ಟವು, ಹಿರಿಯರು ಹೇಳಿದ್ದನ್ನು ಕೇಳುವ ವಯಸ್ಸಲ್ಲ. ಹಿರಿಯರು ಮಾಡುವುದನ್ನು ಓರೆಗಣ್ಣಿನಿಂದ ನೋಡುವ ವಯಸ್ಸು.

ಹಾಗೆ ನೋಡುವುದಕ್ಕೆ ಆ ಕಾಲದ ಹುಡುಗರಿಗೆ ವಿಷಯದ ಕೊರತೆಯಿರಲಿಲ್ಲ. ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು, ಶಾಲೆಯ ಚಾಕರಿಯನ್ನು ಮಾಡುತ್ತಲೇ ಮರಾಠಿ ರಂಗಭೂಮಿಗೆ ಎದುರಾಗಿ ಗದುಗಿನಲ್ಲಿ ವೀರನಾರಾಯಣನ ಹೆಸರಿನ ಕನ್ನಡ ನಾಟಕ ಮಂಡಳಿಯನ್ನು ಕಟ್ಟಿ, ‘ಉಷಾಹರಣ’ವೇ ಮೊದಲಾದ ನಾಟಕಗಳನ್ನು ಬರೆದರು. ಕುದ್ಮುಲ್ ರಂಗರಾಯರು ೧೮೯೨ರಲ್ಲಿ ಮಂಗಳೂರಿನ ಚಿಲಿಂಬಿಯಲ್ಲಿ ಅಸ್ಪೃಶ್ಯರೆನಿಸಿಕೊಂಡಿದ್ದವರ ಮಕ್ಕಳಿಗಾಗಿ ಶಾಲೆಯನ್ನು ತೆರೆದು, ಸ್ವಜಾತಿಯ ಬಹಿಷ್ಕಾರವನ್ನು ತಲೆಯ ಮೇಲೆ ಹೊತ್ತರು. ಐಗಳ ಮಠದ ಹೊಸ್ತಿಲನ್ನು ಎಂದೂ ತುಳಿಯದಿದ್ದ ಮಕ್ಕಳಿಗೆ ಗುರುವು ಯಾರ ಪಕ್ಕದಲ್ಲಿ ಕುಳಿತುಕೊಳ್ಳುತ್ತಾನೆಂಬುದೇ ಮೊದಲನೆಯ ಪಾಠವಾಯಿತು.

ಇವರೆಲ್ಲರಿಗಿಂತ ವಿಚಿತ್ರವಾದುದು ನಂದಳಿಕೆಯ ಲಕ್ಷ್ಮೀನಾರಣಪ್ಪನ ಕಥೆ. ಹುಟ್ಟಿದ್ದು ೧೮೭೦ರಲ್ಲಿ, ಕಡುಬಡತನ, ಮದರಾಸಿಗೆ ಹೋಗಿ ಅಂಗಸಾಧನೆಯ ಶಿಕ್ಷಣವನ್ನು ಪಡೆದು ಬಂದು ಉಡುಪಿಯಲ್ಲಿಯೂ ಕುಂದಾಪುರದಲ್ಲಿಯೂ ಡ್ರಿಲ್ ಮಾಸ್ತರನಾದನು. ಶಾಲೆಯ ಅಂತಸ್ತಿನಲ್ಲಿ ಡ್ರಿಲ್ ಮಾಸ್ತರನ ಸ್ಥಾನವು ಎಲ್ಲಿಯದೆಂಬುದನ್ನು ವಿವರಿಸಬೇಕಾಗಿಲ್ಲ. ಬಯಲಿನಲ್ಲಿ ಹುಡುಗರ ಸಾಲನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತಿದ್ದ ಈ ಕೃಶಶರೀರಿಯು ಹಳಗನ್ನಡವನ್ನು ಅಭ್ಯಾಸ ಮಾಡಿ, ‘ಅದ್ಭುತ ರಾಮಾಯಣ’, ‘ಶ್ರೀರಾಮ ಪಟ್ಟಾಭಿಷೇಕ’, ‘ರಾಮಾಶ್ವಮೇಧ’ಗಳನ್ನು ಬರೆದು, ಅವು ಮುದ್ದಣನೆಂಬ ಪ್ರಾಚೀನ ಕವಿಯ ಕೃತಿಗಳೆಂಬಂತೆ ಮೈಸೂರಿನ ‘ಕಾವ್ಯಮಂಜರಿ’ ಪತ್ರಿಕೆಗೆ ಕಳುಹಿಸಿದನು. ಪಂಡಿತರು ನಂಬಿದರು. ೧೯೦೧ರಲ್ಲಿ ಕ್ಷಯರೋಗದಿಂದ ಅವನು ತೀರಿಕೊಂಡ ಮೇಲೆಯೇ ಗುಟ್ಟು ನಾಡಿಗೆ ತಿಳಿದದ್ದು. ತನ್ನ ಹೆಸರಿಗಿಂತ ತನ್ನ ಕೆಲಸವು ಚೆನ್ನಾಗಿರಬೇಕೆಂಬ ನಿಷ್ಠೆಗೆ ಇದಕ್ಕಿಂತ ಶುದ್ಧವಾದ ದೃಷ್ಟಾಂತವನ್ನು ನಾನು ಕಾಣೆ. ಆದರೆ ಅವನ ಮುಂದೆ ಸಾಲುಗಟ್ಟಿ ನಿಂತಿದ್ದ ಹುಡುಗರಿಗೆ ಅದರ ಸುಳಿವೂ ಇರಲಿಲ್ಲವಲ್ಲ ಎಂಬ ವ್ಯಥೆಯನ್ನು ಮರೆಯುವುದಕ್ಕೂ ಆಗುವುದಿಲ್ಲ. ಅಡಗಿಸಿಟ್ಟ ಆದರ್ಶವು ಸಾಹಿತ್ಯಕ್ಕೆ ಲಾಭ, ಶಾಲೆಗೆ ನಷ್ಟ.

ಆ ನಷ್ಟವನ್ನು ಅದೇ ಕರಾವಳಿಯಲ್ಲಿ ತುಂಬಿಕೊಟ್ಟವರು ಪಂಜೆ ಮಂಗೇಶರಾಯರು. ಇನ್‌ಸ್ಪೆಕ್ಟರು ಬರುವನೆಂದರೆ ಮೇಷ್ಟರ ಕೈಯಲ್ಲಿ ಬೆತ್ತವೇ ನಡುಗುತ್ತಿದ್ದ ದಿನಗಳಲ್ಲಿ, ಆ ಅಧಿಕಾರದಲ್ಲಿಯೇ ಹಳ್ಳಿಯ ಶಾಲೆಗಳಿಗೆ ಹೋಗಿ ಮಕ್ಕಳ ನಡುವೆ ನಿಂತು ಹಾಡಿ, ಕಥೆ ಹೇಳಿ ನಗಿಸಿದವರು ಅವರು. ಮುಂದೆ ಮಡಿಕೇರಿಯಲ್ಲಿ ಹೆಡ್‌ಮಾಸ್ತರರಾಗಿದ್ದಾಗ ಕೊಡವರ ನಾಡನ್ನು ಕೊಂಡಾಡಿ ‘ಹುತ್ತರಿಯ ಹಾಡ’ನ್ನು ಬರೆದರು. ದೊಡ್ಡ ಹುದ್ದೆಯವನು ಚಿಕ್ಕವರ ಮುಂದೆ ತನ್ನ ಬಿಗುಮಾನವನ್ನು ಬಿಟ್ಟರೆ ಹುದ್ದೆಯೇನೂ ಸವೆಯುವುದಿಲ್ಲವೆಂಬುದನ್ನು ಬಹುಶಃ ಮೇಷ್ಟರುಗಳೇ ಅವರಿಂದ ಹೆಚ್ಚಾಗಿ ಕಲಿತರು.

ಉತ್ತರದಲ್ಲಿ, ವಿಜಾಪುರದ ಸೀಮೆಯಲ್ಲಿ, ಚಡಚಣದ ಸಿಂಪಿ ಲಿಂಗಣ್ಣನವರು ಕನ್ನಡ ಶಾಲೆಯ ಮಾಸ್ತರರಾಗಿದ್ದರು. ಕವಿ ಮಧುರಚೆನ್ನರ ಸುತ್ತ ಕೂಡಿದ ಹಲಸಂಗಿಯ ಗೆಳೆಯರಲ್ಲಿ ಅವರೊಬ್ಬರು. ಬೀಸುವಾಗ, ಕುಟ್ಟುವಾಗ, ಮಗುವನ್ನು ತೂಗುವಾಗ ಹೆಂಗಸರು ಹಾಡುತ್ತಿದ್ದ ತ್ರಿಪದಿಗಳನ್ನು ಈ ಗೆಳೆಯರು ಕೇಳಿ ಬರೆದುಕೊಂಡು, ೧೯೩೧ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವಾಗಿ ಅಚ್ಚುಹಾಕಿಸಿದರು. ಅಕ್ಷರವರಿಯದ ತಮ್ಮ ತಾಯಿಗೋ ಅಜ್ಜಿಗೋ “ಯವ್ವಾ, ಇನ್ನೊಮ್ಮೆ ಅನ್ನು” ಎಂದು ಬೇಡಿಕೊಂಡು, ಶಾಲೆಯ ಮಾಸ್ತರನೇ ಎದುರಿಗೆ ಕುಳಿತು ಬರೆದುಕೊಳ್ಳುವುದನ್ನು ಆ ಸೀಮೆಯ ಎಷ್ಟು ಮಂದಿ ಹುಡುಗರು ಬಾಗಿಲಲ್ಲಿ ನಿಂತು ನೋಡಿರಬಹುದೋ! ಐಗಳಿಗೆ ತಿಳಿಯದಿದ್ದ ಪದ್ಯದ ಅರ್ಥವನ್ನು ಐಗಳಿಂದ ಯಾರೂ ಕೇಳಲಿಲ್ಲ. ಈ ಮಾಸ್ತರನು ತನಗೆ ತಿಳಿಯದುದನ್ನು ತನ್ನ ವಿದ್ಯಾರ್ಥಿಯ ಮನೆಯಲ್ಲಿಯೇ ಕೇಳಿ ತಿಳಿದುಕೊಂಡನು.