ಲಿಗ್ನಿನ್: ಮರ ಕೊಳೆಸುವ ಶಿಲೀಂಧ್ರದಿಂದ ಇಂಧನದತ್ತ

ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯು 1938ರಲ್ಲಿ ಮೈಸೂರು ಸಂಸ್ಥಾನದ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭಗೊಂಡು, 1988ರಲ್ಲಿ ಈಗಿನ ಸ್ವರೂಪ ಪಡೆಯಿತು. ಮರವನ್ನು ಕೊಳೆಯದಂತೆ ಕಾಪಾಡುವುದು ಅದರ ಅಧ್ಯಯನ ವಿಷಯಗಳಲ್ಲೊಂದು. ಮರಮುಟ್ಟಿಗೆ ಶತ್ರುವಾದ ಕೊಳೆ ಶಿಲೀಂಧ್ರಗಳೇ ಇಂದು ಜೈವಿಕ ಇಂಧನ ಸಂಶೋಧಕರಿಗೆ ದಾರಿದೀಪವಾಗಿವೆ. ಈ ಎರಡೂ ಅಧ್ಯಯನಗಳ ಕೇಂದ್ರದಲ್ಲಿರುವ ವಸ್ತುವೇ ಲಿಗ್ನಿನ್.

ಏನಿದು ಲಿಗ್ನಿನ್?

ಸಸ್ಯಕೋಶಗಳ ಭಿತ್ತಿಯಲ್ಲಿ ಸೆಲ್ಯುಲೋಸ್ ನಾರುಗಳನ್ನು ಬೆಸೆದು ಮರಕ್ಕೆ ಗಡಸುತನ ನೀಡುವ ಅಂಟು ಇದು. ಮರದ ಒಣತೂಕದಲ್ಲಿ ಸುಮಾರು ಶೇ. 20ರಿಂದ 30ರಷ್ಟು ಇದರದೇ ಪಾಲು. ಉಂಗುರಾಕಾರದ ಇಂಗಾಲದ ಅಣುಗಳು ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡಿರುವುದರಿಂದ ಇದನ್ನು ಒಡೆಯುವುದು ಕಷ್ಟ. ಬಸವನಗುಡಿಯ ಸಾಲುಮರಗಳಿಂದ ಉದುರಿದ ತರಗೆಲೆ ತರಕಾರಿ ಸಿಪ್ಪೆಯಷ್ಟು ಬೇಗ ಗೊಬ್ಬರವಾಗದಿರಲು ಇದೂ ಒಂದು ಕಾರಣ.

ಜೀವಿಗಳ ಕೆಲಸ

ಬಿಳಿಕೊಳೆ ಶಿಲೀಂಧ್ರಗಳು ಲಿಗ್ನಿನ್ ಪೆರಾಕ್ಸಿಡೇಸ್, ಲ್ಯಾಕೇಸ್ ಮುಂತಾದ ಕಿಣ್ವಗಳನ್ನು ಸ್ರವಿಸಿ ಲಿಗ್ನಿನ್ನನ್ನು ಛೇದಿಸುತ್ತವೆ. ಇವುಗಳಲ್ಲಿ ಲಿಗ್ನಿನ್ ಪೆರಾಕ್ಸಿಡೇಸ್ ಪತ್ತೆಯಾದದ್ದು 1983ರಲ್ಲಿ. ಆದರೆ ಶಿಲೀಂಧ್ರದ ಕೆಲಸ ನಿಧಾನ. ಬಹುಪಾಲು ಇಂಗಾಲ ಕೊನೆಗೆ ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ.

ಆದ್ದರಿಂದ ಸಂಶೋಧಕರು ಮೊದಲು ಕ್ಷಾರ ಅಥವಾ ಶಾಖದಿಂದ ಲಿಗ್ನಿನ್ನನ್ನು ತುಂಡರಿಸಿ, ಆ ತುಣುಕುಗಳನ್ನು ಬ್ಯಾಕ್ಟೀರಿಯಾಗಳಿಗೆ ಉಣಿಸುತ್ತಾರೆ. ಸೂಡೊಮೊನಾಸ್ ಪುಟಿಡಾ ಎಂಬ ಬ್ಯಾಕ್ಟೀರಿಯಾದ ವಂಶವಾಹಿ ಮಾರ್ಪಡಿಸಿದ ತಳಿಗಳು ಬಗೆಬಗೆಯ ತುಣುಕುಗಳನ್ನು ಮ್ಯುಕೋನಿಕ್ ಆಮ್ಲವಾಗಿ ಪರಿವರ್ತಿಸುತ್ತವೆ. ಇದರಿಂದ ನೈಲಾನ್ ತಯಾರಿಕೆಗೆ ಬೇಕಾದ ಅಡಿಪಿಕ್ ಆಮ್ಲ ದೊರೆಯುತ್ತದೆ. ರೋಡೊಕಾಕಸ್ ಜಾತಿಯ ಬ್ಯಾಕ್ಟೀರಿಯಾಗಳು ಕೊಬ್ಬನ್ನು ಶೇಖರಿಸುತ್ತವೆ; ಅದು ಬಯೋಡೀಸೆಲ್‌ಗೆ ಕಚ್ಚಾವಸ್ತುವಾಗಬಲ್ಲದು.

ಈಗಿನ ಬಳಕೆ

ಕಾಗದ ಕಾರ್ಖಾನೆಗಳಲ್ಲಿ ತಿರುಳು ಬೇಯಿಸಿದಾಗ ಲಿಗ್ನಿನ್ ಕಪ್ಪು ದ್ರಾವಣವಾಗಿ ಹೊರಬರುತ್ತದೆ. ಅದನ್ನು ಬಾಯ್ಲರ್‌ನಲ್ಲಿ ಉರಿಸಿ ಉಗಿ ಮತ್ತು ವಿದ್ಯುತ್ ಪಡೆಯುವುದು ರೂಢಿ. ಹರಿಯಾಣದ ಪಾಣಿಪತ್‌ನಲ್ಲಿ 2022ರ ಆಗಸ್ಟ್‌ನಲ್ಲಿ ಉದ್ಘಾಟನೆಗೊಂಡ ಘಟಕವನ್ನು ವರ್ಷಕ್ಕೆ ಸುಮಾರು 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ಎಥನಾಲ್ ತಯಾರಿಸಲು ರೂಪಿಸಲಾಗಿದೆ. ಇಂತಹ ಘಟಕಗಳಲ್ಲಿ ಎಥನಾಲ್ ಆಗುವುದು ಹುಲ್ಲಿನ ಸಕ್ಕರೆ ಅಂಶ ಮಾತ್ರ. ಲಿಗ್ನಿನ್ ಶೇಷವಾಗಿ ಉಳಿಯುತ್ತದೆ.

ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯು ಈ ಕಿಣ್ವಗಳ ಮತ್ತೊಂದು ಉಪಯೋಗವನ್ನು ಅಧ್ಯಯನ ಮಾಡಿದೆ. ಒಣಹುಲ್ಲಿನ ಲಿಗ್ನಿನ್ ಸಡಿಲಗೊಂಡರೆ ರಾಸುಗಳಿಗೆ ಮೇವು ಸುಲಭವಾಗಿ ಜೀರ್ಣವಾಗುತ್ತದೆ.

ತೊಡಕುಗಳು

ಲಿಗ್ನಿನ್ನಿನ ರಚನೆ ಸಸ್ಯದಿಂದ ಸಸ್ಯಕ್ಕೆ ಬದಲಾಗುತ್ತದೆ. ತುಂಡಾದ ಅಣುಗಳು ಮತ್ತೆ ಬೆಸೆದುಕೊಳ್ಳುತ್ತವೆ. ಕೆಲವು ತುಣುಕುಗಳು ಸೂಕ್ಷ್ಮಜೀವಿಗಳಿಗೇ ವಿಷ. ಇವೆಲ್ಲಕ್ಕಿಂತ ಮುಖ್ಯವಾಗಿ, ಉರಿಸಿ ಪಡೆಯುವ ಶಾಖದ ಮೌಲ್ಯಕ್ಕಿಂತ ಹೆಚ್ಚು ಲಾಭ ತರಬಲ್ಲ ಉತ್ಪನ್ನ ದೊರೆತಾಗ ಮಾತ್ರ ಕಾರ್ಖಾನೆಗಳು ಈ ವಿಧಾನದತ್ತ ಹೊರಳುತ್ತವೆ. ಎಥನಾಲ್ ಘಟಕಗಳ ಆರ್ಥಿಕ ಭವಿಷ್ಯವೂ ಬಹುಮಟ್ಟಿಗೆ ಈ ಶೇಷದ ಸದ್ಬಳಕೆಯನ್ನೇ ಅವಲಂಬಿಸಿದೆ.