ಹಲಗಲಿಯಿಂದ ಬಾಲೇವಾಡಿಗೆ: ಮೊದಲ .22 ರೈಫಲ್ ಆರಿಸೋ ಮುನ್ನ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ ಹಿಂಜವಡಿಯ ಕಂಪನಿ ಬಸ್ಸಲ್ಲಿ ಕೂತು ಓದೋರಿಗಾಗಿ ಈ ಬರಹ. ಮಾತಾಡಿದ್ದನ್ನ ಅಲ್ಲಲ್ಲಿ ತಿದ್ದಿದ್ದೀನಿ, ಅಷ್ಟೆ.

2024ರ ಆಗಸ್ಟ್‌ನಲ್ಲಿ ಸ್ವಪ್ನಿಲ್ ಕುಸಾಳೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಾಗಿನಿಂದ ನಮ್ಮ ಪುಣೆ ಕನ್ನಡಿಗರಲ್ಲೂ ಶೂಟಿಂಗ್ ಹುಚ್ಚು ಹತ್ತಿದೆ. ಹುಡುಗ ಕೊಲ್ಹಾಪುರ ಜಿಲ್ಲೆಯವನು, ರೈಲ್ವೆ ನೌಕರ, ಅಭ್ಯಾಸ ಮಾಡಿದ್ದು ನಮ್ಮ ಬಾಲೇವಾಡಿ ಕ್ರೀಡಾ ಸಂಕೀರ್ಣದ ರೇಂಜಲ್ಲಿ. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಅಂತ ಕಟ್ಟಿದ ಜಾಗ ಅದು. ಹಿಂಜವಡಿಯಿಂದ ಕೂಗಳತೆ ದೂರ ಅನ್ನಬಹುದು, ಟ್ರಾಫಿಕ್ ಇಲ್ಲದಿದ್ರೆ. ಹಾಗಾಗಿ ನನ್ನ ಹತ್ರ ಬರೋ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಅಮೆರಿಕದಲ್ಲಿರೋ ನಮ್ಮ ಟೀಮಿನವನು ರೂಗರ್ 10/22 ತಗೊಂಡಿದ್ದಾನೆ. ನಾನೂ ಮೊದಲ ರೈಫಲ್ಲಾಗಿ ಅಂಥದ್ದೇ ಒಂದು ಸೆಮಿ-ಆಟೋಮ್ಯಾಟಿಕ್ .22 ತಗೋಬಹುದಾ?”

ಚಿಕ್ಕ ಉತ್ತರ: ಆ ಆಸೆ ಬಿಟ್ಟುಬಿಡಿ. ದೊಡ್ಡ ಉತ್ತರಕ್ಕೆ 1857ಕ್ಕೆ ಹೋಗಬೇಕು.

ಆ ವರ್ಷ ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ ಒಂದು ಪುಟ್ಟ ರಿವಾಲ್ವರ್ ಜೊತೆ .22 ಶಾರ್ಟ್ ಅನ್ನೋ ತೋಟಾವನ್ನ ಮಾರುಕಟ್ಟೆಗೆ ತಂತು. ಲೋಹದ ಕವಚದ ತಳದಲ್ಲಿ ಒಂದು ಅಂಚು; ಕಿಡಿ ಹತ್ತಿಸೋ ಮದ್ದು ಆ ಅಂಚಿನ ಒಳಗೇ ಇರುತ್ತೆ. ಅಂಚಿಗೆ ಪೆಟ್ಟು ಬಿದ್ರೆ ಗುಂಡು ಹಾರುತ್ತೆ. ರಿಮ್‌ಫೈರ್ ಅಂದ್ರೆ ಇಷ್ಟೇ. 1887ರ ಹೊತ್ತಿಗೆ ಬಂದ .22 ಲಾಂಗ್ ರೈಫಲ್ ಇದರದ್ದೇ ವಂಶದ್ದು. ಇವತ್ತಿಗೂ ಬದಲಾಗಿಲ್ಲ, ಇಷ್ಟು ಹಳೇ ಕೋಡ್ ಇನ್ನೂ ಪ್ರೊಡಕ್ಷನ್‌ನಲ್ಲಿ ಓಡ್ತಿರೋದು ಅಪರೂಪ. ಅಗ್ಗ, ಸದ್ದು ಕಡಿಮೆ, ಭುಜಕ್ಕೆ ಒದೆತ ಇಲ್ಲ ಅನ್ನೋಷ್ಟು ಕಡಿಮೆ. ಎನ್‌ಸಿಸಿ ಕ್ಯಾಂಪಿಗೆ ಹೋದೋರು ನೆಲದ ಮೇಲೆ ಮಲಗಿ ಹೊಡೆದದ್ದು ಇದನ್ನೇ.

ಅದೇ 1857ರಲ್ಲಿ ನಮ್ಮ ಕಡೆ ಕಾಗದದ ತೋಟಾಗೆ ಸವರಿದ ಕೊಬ್ಬಿನಿಂದ ಸಿಪಾಯಿಗಳು ಸಿಡಿದೆದ್ದಿದ್ದರು. ದಂಗೆ ಹಬ್ಬದಿರಲಿ ಅಂತ ಕಂಪನಿ ಸರ್ಕಾರ ಆಯುಧಗಳ ಮೇಲೆ ಕಾನೂನು ತಂತು: ಊರಲ್ಲಿರೋ ಆಯುಧಗಳನ್ನೆಲ್ಲ ಒಪ್ಪಿಸಬೇಕು. ಆಗ ಏನಾಯ್ತು ಅನ್ನೋದನ್ನ ನೀವೆಲ್ಲ ಶಾಲೆಯಲ್ಲಿ ಓದಿದ್ದೀರಿ. ಹಲಗಲಿ ಬೇಡರು ನೆನಪಿದ್ದಾರಲ್ವಾ? ಪರೀಕ್ಷೆಗೆ ಐದು ಅಂಕದ ಪ್ರಶ್ನೆಯಾಗಿ ನಾವು ಉರು ಹೊಡೆದ ಲಾವಣಿ ನಿಜವಾಗಿ ಒಂದು ಆಯುಧ ಕಾನೂನಿನ ಕತೆ. ಹಲಗಲಿ ಮುಧೋಳ ಸಂಸ್ಥಾನದ ಹಳ್ಳಿ, ಈಗಿನ ಬಾಗಲಕೋಟೆ ಜಿಲ್ಲೆ. ಬೇಟೆಯೇ ಬದುಕಾಗಿದ್ದ ಬೇಡರಿಗೆ ಆಯುಧ ಒಪ್ಪಿಸೋದು ಅಂದ್ರೆ ಅನ್ನವನ್ನೂ ಮಾನವನ್ನೂ ಒಪ್ಪಿಸಿದ ಹಾಗೆ. ಕೊಡಲ್ಲ ಅಂದರು. ನವೆಂಬರ್ ಕೊನೆಗೆ ಪಡೆ ಬಂತು, ಊರಿಗೆ ಬೆಂಕಿ ಬಿತ್ತು, ಡಿಸೆಂಬರ್‌ನಲ್ಲಿ ಜಡಗ, ಬಾಲ ಮುಂತಾದವರನ್ನ ಗಲ್ಲಿಗೇರಿಸಿದರು. ಆ ಲಾವಣಿಯನ್ನ ಆಮೇಲೆ ಸಂಗ್ರಹಿಸಿ ಪ್ರಕಟಿಸಿದವನು ಬ್ರಿಟಿಷ್ ಅಧಿಕಾರಿಯೇ ಆದ ಜೆ.ಎಫ್. ಫ್ಲೀಟ್. ಊರು ಸುಟ್ಟೋರೂ ಅವರೇ, ಹಾಡು ಉಳಿಸಿದೋರೂ ಅವರೇ.

ಇದೇ ಕಾನೂನು ಕೊಡಗಿಗೆ ಬೇರೆ ಮುಖ ತೋರಿಸ್ತು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ (ಬೆಂಗಳೂರಿನ ಪಾರ್ಕಿಗೆ ಹೆಸರಿರೋ ಅದೇ ಕಬ್ಬನ್) ನಿಷ್ಠೆಗೆ ಮೆಚ್ಚಿ ಕೊಡವರನ್ನ ನಿಶ್ಶಸ್ತ್ರೀಕರಣದಿಂದ ಹೊರಗಿಟ್ಟ. ಆ ವಿನಾಯಿತಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇವತ್ತಿಗೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರವರೆಗೆ ವಿಸ್ತರಿಸಿದೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ದಿನ ಕೋವಿಗೆ ಪೂಜೆ, ತೆಂಗಿನಕಾಯಿಗೆ ಗುರಿ. ಬಾಗಲಕೋಟೆಯಲ್ಲಿ ಗಲ್ಲು. ಒಂದೇ ಭಾಷೆಯ ನಾಡಲ್ಲಿ, ನಾಲ್ಕು ವರ್ಷದ ಅಂತರದಲ್ಲಿ.

1878ರಲ್ಲಿ ವೈಸರಾಯ್ ಲಿಟನ್ ಇದನ್ನೆಲ್ಲ ಗಟ್ಟಿಮಾಡಿ ಶಸ್ತ್ರಾಸ್ತ್ರ ಕಾಯ್ದೆ ತಂದ. ಭಾರತೀಯನಿಗೆ ಲೈಸೆನ್ಸ್ ಬೇಕು, ಯುರೋಪಿಯನ್ನನಿಗೆ ಬೇಡ. ಶಿವಾಜಿನಗರದಿಂದ ಔಂಧ್ ಕಡೆ ಬರುವಾಗ ನಾವೆಲ್ಲ ಸಿಕ್ಕಿಹಾಕ್ಕೊಳ್ಳೋ ಗಣೇಶಖಿಂಡ್ ರಸ್ತೆ ಇದೆಯಲ್ಲ, 1897ರ ಜೂನ್ 22ರ ರಾತ್ರಿ ಚಾಪೇಕರ್ ಸೋದರರು ಪ್ಲೇಗ್ ಅಧಿಕಾರಿ ರ್‍ಯಾಂಡ್‌ಗೆ ಗುಂಡು ಹೊಡೆದದ್ದು ಅಲ್ಲೇ. ಈ ಕಾಯ್ದೆ ಬಂದು ಆಗಲೇ ಹತ್ತೊಂಬತ್ತು ವರ್ಷವಾಗಿತ್ತು.

ಸ್ವಾತಂತ್ರ್ಯ ಚಳವಳಿಗೆ ಈ ಕಾಯ್ದೆ ಅವಮಾನವಾಗಿ ಕಂಡಿತ್ತು. 1931ರ ಕರಾಚಿ ಕಾಂಗ್ರೆಸ್ ನಿರ್ಣಯದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕೂ ಇತ್ತು. ಹಾಗಾದ್ರೆ ಸಂವಿಧಾನದಲ್ಲಿ ಯಾಕಿಲ್ಲ? 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಇದನ್ನ ಸೇರಿಸಿ ಅಂತ ತಿದ್ದುಪಡಿ ತಂದವರು ಮಂಗಳೂರಲ್ಲಿ ಹುಟ್ಟಿದ ಎಚ್.ವಿ. ಕಾಮತ್, ಐಸಿಎಸ್ ಕೆಲಸ ಬಿಟ್ಟು ಚಳವಳಿಗೆ ಇಳಿದ ಮನುಷ್ಯ. ಅಂಬೇಡ್ಕರ್ ಒಪ್ಪಲಿಲ್ಲ. ಎಲ್ಲರ ಹಕ್ಕು ಅಂತ ಬರೆದ್ರೆ ಅಪರಾಧಿಯೂ ಅದನ್ನೇ ಕೇಳ್ತಾನಲ್ಲ ಅನ್ನೋದು ಅವರ ತರ್ಕ. ತಿದ್ದುಪಡಿ ಬಿತ್ತು. ಅಮೆರಿಕದ ಸುದ್ದಿ ದಿನಾ ನೋಡೋ ನನಗೆ ಅಂಬೇಡ್ಕರ್ ಹೇಳಿದ್ದೇ ಸರಿ ಅನ್ನಿಸುತ್ತೆ. ನಿಮಗೆ ಬೇರೆ ಅನ್ನಿಸಬಹುದು, ಜಗಳ ಇಲ್ಲ.

ಹೀಗೆ ನಮ್ಮಲ್ಲಿ ಬಂದೂಕು ಹಕ್ಕಲ್ಲ, ಅನುಮತಿ. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆ ಬರೆದೋರು ಗುರಿಗಾರನಿಗೆ ಒಂದು ಕಿಟಕಿ ಬಿಟ್ಟರು, ಅದು ಬಹಳ ಜನಕ್ಕೆ ಗೊತ್ತಿಲ್ಲ. 13ನೇ ಸೆಕ್ಷನ್‌ನ 3ನೇ ಉಪವಿಭಾಗ ತೆಗೆದು ನೋಡಿ: ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯ ಗುರಿ ಅಭ್ಯಾಸಕ್ಕೆ .22 ರೈಫಲ್ ಕೇಳಿದ್ರೆ ಲೈಸೆನ್ಸ್ ಕೊಡತಕ್ಕದ್ದು ಅಂತ 2019ರ ತಿದ್ದುಪಡಿಯವರೆಗೆ ಇತ್ತು, ಕಾಯ್ದೆಯ ಬೇರೆ ಅಡ್ಡಿಗಳು ಇರದಿದ್ದರೆ. .22 ಅನ್ನೋ ಸಂಖ್ಯೆ ಕಾಯ್ದೆಯ ಒಳಗೇ ಇತ್ತು! ಅದಕ್ಕೆ ಎಂಟು ವರ್ಷ ಮುಂಚೆ, 1951ರಲ್ಲಿ, ರಾಷ್ಟ್ರೀಯ ರೈಫಲ್ ಸಂಘ ಕಟ್ಟಿದವರು ಲೋಕಸಭೆಯ ಮೊದಲ ಸ್ಪೀಕರ್ ಜಿ.ವಿ. ಮಾವಳಂಕರ್. ಅವರ ಹೆಸರಿನ ಟೂರ್ನಮೆಂಟಿನ ಮೂಲಕವೇ ಇವತ್ತಿಗೂ ಹೊಸಬರು ರಾಷ್ಟ್ರೀಯ ಮಟ್ಟಕ್ಕೆ ಹತ್ತೋದು.

ಸರಿ, ಸೆಮಿ-ಆಟೋಮ್ಯಾಟಿಕ್ ಎಲ್ಲಿ ಸಿಕ್ಕಿಬಿತ್ತು? ಶಸ್ತ್ರಾಸ್ತ್ರ ನಿಯಮಗಳ ಶೆಡ್ಯೂಲಿನಲ್ಲಿ. ಸಾದಾ .22 ರಿಮ್‌ಫೈರ್ ರೈಫಲ್ ಮೂರನೇ ವರ್ಗದಲ್ಲಿದೆ. ಲೈಸೆನ್ಸ್ ಕೊಡೋದು ನಿಮ್ಮ ಪೊಲೀಸ್ ಕಮಿಷನರ್ ಮಟ್ಟದಲ್ಲಿ. ಪಿಸ್ತೂಲು ಬಿಟ್ಟು ಉಳಿದ ಸೆಮಿ-ಆಟೋಮ್ಯಾಟಿಕ್ ಬಂದೂಕುಗಳು ಮೊದಲನೇ ವರ್ಗದಲ್ಲಿವೆ, ನಿಷೇಧಿತ ಆಯುಧಗಳ ಪಕ್ಕದ ಸಾಲಲ್ಲಿ. ಅದಕ್ಕೆ ಕೇಂದ್ರ ಸರ್ಕಾರದ ಬಾಗಿಲು ತಟ್ಟಬೇಕು. ರೂಗರ್ 10/22, 1964ರಿಂದ ಅಮೆರಿಕದ ಮಕ್ಕಳು ಡಬ್ಬಕ್ಕೆ ಗುರಿಯಿಡೋ ಹತ್ತು ತೋಟಾದ ರೈಫಲ್, ಹಾರೋದು ಅದೇ ಪುಟ್ಟ ಗುಂಡು. ಆದ್ರೆ ಪ್ರತಿ ಸಲ ಟ್ರಿಗರ್ ಎಳೆದಾಗಲೂ ಮುಂದಿನ ತೋಟಾ ತಾನೇ ಬಂದು ಕೂರುತ್ತೆ. ನಮ್ಮ ಕಾನೂನು ತೋಟಾದ ಶಕ್ತಿಗಿಂತ ಈ ‘ತಾನೇ’ ಅನ್ನೋದಕ್ಕೆ ಹೆದರುತ್ತೆ. ಯಾಕೆ ಅಂತ 1857ರಿಂದ ಇಲ್ಲಿಯವರೆಗೆ ಓದಿಕೊಂಡು ಬಂದೋರಿಗೆ ಬಿಡಿಸಿ ಹೇಳಬೇಕಿಲ್ಲ.

ಇದರಿಂದ ಕಲಿಯೋನಿಗೆ ನಷ್ಟ ಇದೆಯಾ? ನನ್ನ ಪ್ರಕಾರ ಇಲ್ಲ. ಸ್ವಪ್ನಿಲ್ ಪದಕ ಗೆದ್ದ 50 ಮೀಟರ್ ಮೂರು ಭಂಗಿ ಸ್ಪರ್ಧೆಯ ನಿಯಮವೇ ಒಂದು ಸಲಕ್ಕೆ ಒಂದೇ ತೋಟಾ ಅನ್ನುತ್ತೆ. ಮಂಡಿಯೂರಿ, ಮಲಗಿ, ನಿಂತು, ಪ್ರತಿ ಗುಂಡಿಗೂ ಬೋಲ್ಟ್ ತೆಗೆದು ಕೈಯಿಂದ ತುಂಬಬೇಕು. ಅವರ ಫೈನಲ್ ಅಂಕ 451.4 ಹೀಗೆ ಒಂದೊಂದೇ ಕೂಡಿದ್ದು. ಸೆಮಿ-ಆಟೋಮ್ಯಾಟಿಕ್ .22ಕ್ಕೆ ಒಲಿಂಪಿಕ್ಸ್‌ನಲ್ಲಿ ಜಾಗ ಇರೋದು 25 ಮೀಟರ್ ಪಿಸ್ತೂಲಲ್ಲಿ. 2012ರಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಅಲ್ಲಿ. ಐಟಿಯವರಿಗೆ ಆಗಲ್ಲ ಅನ್ನೋರಿಗೊಂದು ಮಾತು: ಕೆನಡಾದ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರಲ್ಲಿ ರಿಯೋ ಒಲಿಂಪಿಕ್ಸ್‌ಗೆ ಹೋದರು, .22 ರಿಮ್‌ಫೈರ್ ಪಿಸ್ತೂಲಿನಲ್ಲೇ.

ಹಾಗಾಗಿ ಕೇಳಿದೋರಿಗೆ ನಾನು ಹೇಳೋದು: ಮೊದಲು ಕ್ಲಬ್ಬಿನ .177 ಏರ್ ರೈಫಲ್ ಹಿಡೀರಿ, ಹತ್ತು ಮೀಟರ್. 2016ರ ನಿಯಮಗಳಂತೆ 20 ಜೂಲ್ ಮೀರದ .177ಕ್ಕೆ ಲೈಸೆನ್ಸ್ ಬೇಕಿಲ್ಲ. ಒಂದು ವರ್ಷ ಆದಮೇಲೂ ಹುಚ್ಚು ಬಿಡದಿದ್ರೆ ಕ್ಲಬ್ಬಿನ .22ಗೆ ಹೋಗಿ, ಅದೂ ಒಂದೊಂದೇ ತೋಟಾ ತುಂಬೋದಕ್ಕೆ. ಸ್ವಂತದ ಮಾತು ಅದರಾಚೆ. ಅರ್ಜಿ ಹಾಕುವಾಗ ಒಂದು ನೆನಪಿರಲಿ: ವಾಕಡ್, ಹಿಂಜವಡಿಯಲ್ಲಿ ಮನೆ ಇರೋರಿಗೆ ಸೇರೋದು ಪುಣೆ ಕಮಿಷನರ್ ಕಚೇರಿ ಅಲ್ಲ, 2018ರಲ್ಲಿ ಬೇರೆಯಾದ ಪಿಂಪ್ರಿ-ಚಿಂಚವಡ ಕಮಿಷನರ್ ಕಚೇರಿ. ರೇಂಜು ಬಾಲೇವಾಡಿಯಲ್ಲಿದೆ ಅಂತ ಅರ್ಜಿ ಪುಣೆಗೆ ಹೊತ್ತುಕೊಂಡು ಹೋಗಬೇಡಿ.

ಕೊಡಗಿನ ಕೋವಿ ವಿನಾಯಿತಿಯ ಕೋರ್ಟ್ ಕತೆ ಉದ್ದವಿದೆ, ಮುಂದಿನ ವಿಡಿಯೋಗೆ ಇಟ್ಟುಕೊಂಡಿದ್ದೀನಿ.